ಶ್ರುತಿ ಸೇರದ ಎರಡು ಗಂಟೆ

(ಸಂಗೀತಾಸಕ್ತರ ಸಣ್ಣದೊಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೀಬೋರ್ಡ್ ನುಡಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಮಾತು ಶುರು ಮಾಡುವ ಮೊದಲು ಎರಡು ಸ್ವರ ಕೇಳಿಸುತ್ತೇನೆ. ಇದು ಷಡ್ಜ. ಇದು ಪ್ರತಿ ಮಧ್ಯಮ. ಸ, ಮ. ಇನ್ನೊಂದು ಸಲ. ಸ, ಮ.

ಮುಂದಿನ ಸಾಲಿನಲ್ಲಿ ಯಾರೋ ಆಗಲೇ ಮೆಲ್ಲಗೆ ಪಂಚಮ ಗುನುಗಿಬಿಟ್ಟರು. ನನಗೆ ಕೇಳಿಸಿತು. ತಪ್ಪೇನಿಲ್ಲ. ಕಲ್ಯಾಣಿ ಕೇಳಿ ಬೆಳೆದ ಕಿವಿ ಪ್ರತಿ ಮಧ್ಯಮ ಕೇಳಿದ ಕೂಡಲೇ ಪಂಚಮಕ್ಕೆ ಕಾಯುತ್ತದೆ. ಆದರೆ ಆ ಪಂಚಮವನ್ನು ಕೊಡಲೇ ಇಲ್ಲ ಅಂತಿಟ್ಟುಕೊಳ್ಳಿ. ಬರೀ ಈ ಎರಡನ್ನೇ ಬಾರಿಸುತ್ತಾ ಹೋದರೆ? ಒಂದು ಸ್ಥಾಯಿಯಲ್ಲಿ ಹನ್ನೆರಡು ಮೆಟ್ಟಿಲು. ಅದರಲ್ಲಿ ಇದು ಆರನೆಯದು, ಸರಿಯಾಗಿ ನಡುಮಧ್ಯೆ. ಕೆಳಗಿನ ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ಒಂದೇ ದೂರ. ಅದಕ್ಕೇ ನೆಲೆ ಸಿಗದೆ ತೂಗಾಡುತ್ತದೆ. ಪಶ್ಚಿಮದ ಸಂಗೀತದವರು ಇದನ್ನು ಟ್ರೈಟೋನ್ ಅನ್ನುತ್ತಾರೆ.

ಈ ಎರಡು ಸ್ವರಗಳನ್ನು ಚರ್ಚಿನ ಗಂಟೆಗಳಿಗೆ ಕೊಟ್ಟು, ಅದರ ಸುತ್ತ ಸುಮಾರು 80 ನಿಮಿಷದ ಸಂಗೀತ ಕಟ್ಟಿದವನು ಇಂಗ್ಲೆಂಡಿನ ಬೆಂಜಮಿನ್ ಬ್ರಿಟೆನ್. ಕೃತಿಯ ಹೆಸರು ವಾರ್ ರಿಕ್ವಿಯಮ್. ಮೊದಲು ಹಾಡಿದ್ದು 1962ರ ಮೇ 30ರಂದು, ಕವೆಂಟ್ರಿ ಊರಿನ ಹೊಸ ಕೆಥೆಡ್ರಲ್‌ನಲ್ಲಿ, ಅಂದರೆ ಅಲ್ಲಿನ ಮುಖ್ಯ ಚರ್ಚಿನಲ್ಲಿ. ರಿಕ್ವಿಯಮ್ ಅಂದರೆ ಸತ್ತವರಿಗಾಗಿ ಚರ್ಚಿನಲ್ಲಿ ನಡೆಸುವ ಪೂಜೆ. ಅದಕ್ಕೆ ನೂರಾರು ವರ್ಷದಿಂದ ಬಂದಿರುವ ಲ್ಯಾಟಿನ್ ಪಠ್ಯ ಇದೆ. ಮೊಜಾರ್ಟ್, ವೆರ್ಡಿ ಎಲ್ಲರೂ ಅದಕ್ಕೆ ರಾಗ ಹಾಕಿದ್ದಾರೆ. ಬ್ರಿಟೆನ್ ಮಾಡಿದ ಕಿತಾಪತಿ ಏನೆಂದರೆ, ಆ ಪ್ರಾರ್ಥನೆಯ ನಡುವೆ ಬಾಯಿ ಹಾಕಲು ಇಬ್ಬರು ಸೈನಿಕರನ್ನು ತಂದು ನಿಲ್ಲಿಸಿದ.

ನಾನು ಇದನ್ನು ಮೊದಲ ಸಲ ಕೇಳಿದಾಗ ಹತ್ತು ನಿಮಿಷಕ್ಕೆ ನಿಲ್ಲಿಸಿಬಿಟ್ಟಿದ್ದೆ. ತಲೆಬುಡ ಗೊತ್ತಾಗಲಿಲ್ಲ. ಎರಡನೇ ಸಲ ಪಠ್ಯ ಮುಂದಿಟ್ಟುಕೊಂಡು ಕೂತೆ. ಯಾರು ಯಾರ ಮಾತನ್ನು ತಡೆಯುತ್ತಿದ್ದಾರೆ ಅಂತ ಆಗ ತಿಳಿಯಿತು. ಇವತ್ತು ನಿಮಗೆ ಹೇಳಬೇಕೆಂದುಕೊಂಡಿರುವುದೂ ಹೆಚ್ಚಾಗಿ ಅದನ್ನೇ.

ಮೊದಲು ಜಾಗದ ಕಥೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಕವೆಂಟ್ರಿಯ ಮೇಲೆ ಬೆಳಗಿನವರೆಗೂ ಬಾಂಬು ಸುರಿದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಆ ದಾಳಿಗೆ ಜರ್ಮನರು ಇಟ್ಟಿದ್ದ ಗುಪ್ತನಾಮ ಮೂನ್‌ಲೈಟ್ ಸೊನಾಟಾ. ಹೌದು, ಬೀಥೊವೆನ್‌ನ ಪಿಯಾನೊ ಕೃತಿಗೆ ಜನ ಇಟ್ಟುಕೊಂಡ ಅದೇ ಹೆಸರು. ಸಂಗೀತ ಪಾಪ ಯಾರ ಕೈಗೆ ಬೇಕಾದರೂ ಸಿಗುತ್ತದೆ, ಅಲ್ವಾ?

ಮಧ್ಯಯುಗದ ಹಳೆಯ ಕೆಥೆಡ್ರಲ್ ಆ ರಾತ್ರಿ ಸುಟ್ಟುಹೋಯಿತು. ಹೊರಗೋಡೆಗಳು ಮತ್ತು ಗೋಪುರ ಮಾತ್ರ ಉಳಿದವು. ಯುದ್ಧ ಮುಗಿದ ಮೇಲೆ ಆ ಪಾಳನ್ನು ಕೆಡವಲಿಲ್ಲ. ಹಾಗೇ ಬಿಟ್ಟು, ಪಕ್ಕದಲ್ಲೇ ಬೇಸಿಲ್ ಸ್ಪೆನ್ಸ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸದನ್ನು ಕಟ್ಟಿದರು. ಅದರ ಪ್ರತಿಷ್ಠಾಪನೆಯ ಉತ್ಸವಕ್ಕೆ ಒಂದು ದೊಡ್ಡ ಕೃತಿ ಬೇಕು ಅಂತ 1958ರಲ್ಲಿ ಬ್ರಿಟೆನ್‌ನನ್ನು ಕೇಳಿದರು.

ಕೇಳಿದ್ದು ಯಾರನ್ನು ನೋಡಿ. ಬ್ರಿಟೆನ್ ಬಂದೂಕು ಹಿಡಿದವನೇ ಅಲ್ಲ. ಕೊಲ್ಲುವುದು ತಪ್ಪು ಅಂತ ನಂಬಿದ್ದವನು. 1939ರಲ್ಲಿ ಅಮೆರಿಕಕ್ಕೆ ಹೋದ, 1942ರಲ್ಲಿ ಯುದ್ಧ ಜೋರಾಗಿರುವಾಗಲೇ ವಾಪಸ್ ಬಂದ. ಬಂದವನು ಸೈನ್ಯಕ್ಕೆ ಸೇರುವುದಿಲ್ಲ ಅಂತ ಹೇಳಿ ಅದಕ್ಕೆ ಕಾನೂನುಬದ್ಧ ವಿನಾಯಿತಿ ಪಡೆದ. ಅಂಥವನಿಗೆ ಸೈನಿಕರ ಪಾಡು ಏನು ಗೊತ್ತು ಅನ್ನುವ ಪ್ರಶ್ನೆ ಸಹಜ. ನನಗೂ ಬಂದಿತ್ತು.

ಎರಡು ವಿಷಯ ಹೇಳುತ್ತೇನೆ. ಒಂದು, 1945ರ ಜುಲೈನಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಜೊತೆ ಬ್ರಿಟೆನ್ ಜರ್ಮನಿಗೆ ಹೋದ. ಬೆಲ್ಸೆನ್ ಎಂಬ ನಾಜಿ ಸೆರೆಶಿಬಿರದಲ್ಲಿ ಬದುಕುಳಿದವರ ಮುಂದೆ ಪಿಯಾನೊ ನುಡಿಸಿದ. ಅಲ್ಲಿ ಕಂಡದ್ದರ ಬಗ್ಗೆ ಅವನು ಬಾಯಿ ಬಿಟ್ಟದ್ದೇ ಕಡಿಮೆ. ಎರಡು, ಈ ಕೃತಿಯನ್ನು ಅವನು ನಾಲ್ವರು ಗೆಳೆಯರಿಗೆ ಅರ್ಪಿಸಿದ್ದಾನೆ. ಮೂವರು ಎರಡನೇ ಮಹಾಯುದ್ಧದಲ್ಲಿ ಹೋದರು. ನಾಲ್ಕನೆಯವನು ಗಾಯಗೊಂಡು, ಜರ್ಮನರ ಕೈಗೆ ಸಿಕ್ಕು, ಹೇಗೋ ಬದುಕಿ ಮನೆಗೆ ಬಂದ. 1959ರಲ್ಲಿ, ಮದುವೆ ಹತ್ತಿರದಲ್ಲಿರುವಾಗ, ತಾನೇ ಜೀವ ಕಳೆದುಕೊಂಡ. ಅರ್ಪಣೆಯ ಪುಟದಲ್ಲಿ ನಾಲ್ಕೂ ಹೆಸರು ಒಟ್ಟಿಗೇ ಇವೆ. ಶಾಂತಿ ಬಂದು ಹದಿನಾಲ್ಕು ವರ್ಷದ ಮೇಲೆ ಸತ್ತವನನ್ನೂ ಬ್ರಿಟೆನ್ ಯುದ್ಧದ ಲೆಕ್ಕಕ್ಕೇ ಬರೆದುಕೊಂಡ.

ಆದರೂ ತಾನು ಕಾಣದ ಕಂದಕದ ಬಗ್ಗೆ ತನ್ನ ಮಾತಲ್ಲೇ ಹಾಡು ಕಟ್ಟಲು ಅವನು ಹೋಗಲಿಲ್ಲ. ಆ ಮಾತನ್ನು ಒಬ್ಬ ಸೈನಿಕನಿಂದಲೇ ತಂದ. ಅವನೇ ವಿಲ್ಫ್ರೆಡ್ ಓವೆನ್.

ಓವೆನ್ ಮೊದಲ ಮಹಾಯುದ್ಧದವನು. 1893ರಲ್ಲಿ ಹುಟ್ಟಿದ. ಮ್ಯಾಂಚೆಸ್ಟರ್ ರೆಜಿಮೆಂಟಿನ ಅಧಿಕಾರಿಯಾಗಿ ಫ್ರಾನ್ಸಿನ ಕಂದಕಗಳಿಗೆ ಹೋದ. 1917ರಲ್ಲಿ ಶೆಲ್ ಶಾಕ್ ಆಗಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆ ಸೇರಿದ. ಮೈಮೇಲೆ ದೊಡ್ಡ ಗಾಯ ಇರುವುದಿಲ್ಲ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ರಾತ್ರಿ ಕಣ್ಣು ಮುಚ್ಚಿದರೆ ಗುಂಡಿನ ಸದ್ದು. ಆ ಕಾಲದಲ್ಲಿ ಇದಕ್ಕೆ ಶೆಲ್ ಶಾಕ್ ಅನ್ನುತ್ತಿದ್ದರು. ಅಲ್ಲಿ ಅವನಿಗೆ ಸೀಗ್‌ಫ್ರೀಡ್ ಸಸೂನ್ ಎಂಬ ಇನ್ನೊಬ್ಬ ಸೈನಿಕ ಕವಿ ಸಿಕ್ಕ. ಓವೆನ್‌ನ ಒಳ್ಳೆಯ ಕವಿತೆಗಳೆಲ್ಲ ಅಲ್ಲಿಂದಾಚೆ ಒಂದು ವರ್ಷದಲ್ಲಿ ಬಂದವು. ಗುಣವಾದ ಮೇಲೆ ಮತ್ತೆ ರಣರಂಗಕ್ಕೆ ಹೋದ. 1918ರ ನವೆಂಬರ್ 4ರಂದು, ಫ್ರಾನ್ಸಿನ ಓರ್ಸ್ ಎಂಬ ಹಳ್ಳಿಯ ಹತ್ತಿರ ಕಾಲುವೆ ದಾಟುವಾಗ ಗುಂಡು ತಗುಲಿ ಸತ್ತ. 25 ವರ್ಷ.

ಸರಿಯಾಗಿ ಒಂದು ವಾರಕ್ಕೆ, ನವೆಂಬರ್ 11ಕ್ಕೆ, ಯುದ್ಧ ನಿಂತಿತು. ಇಂಗ್ಲೆಂಡಿನಲ್ಲೆಲ್ಲ ಚರ್ಚಿನ ಗಂಟೆ ಬಾರಿಸಿದರು. ಶ್ರೂಸ್‌ಬರಿಯಲ್ಲಿದ್ದ ಅವನ ತಾಯಿಯ ಕೈಗೆ ಟೆಲಿಗ್ರಾಂ ಬಂದದ್ದು ಅವತ್ತೇ, ಆ ಗಂಟೆಗಳ ಸದ್ದಿನ ನಡುವೆ.

ಈಗ ಆ ಎರಡು ಸ್ವರಕ್ಕೆ ವಾಪಸ್ ಬನ್ನಿ.

ಕೃತಿ ಶುರುವಾಗುವುದು ತೀರಾ ಮೆಲ್ಲಗೆ. ಆರ್ಕೆಸ್ಟ್ರಾ ಹೆಣ ಹೊತ್ತವರ ಹಾಗೆ ಕಾಲೆಳೆದುಕೊಂಡು ನಡೆಯುತ್ತದೆ. ಗಂಟೆಗಳು ಸ, ಮ ಅನ್ನುತ್ತವೆ. ಕೋರಸ್‌ನವರು ಅವೇ ಎರಡು ಸ್ವರದಲ್ಲಿ, ಹಾಡೋ ಗೊಣಗಾಟವೋ ತಿಳಿಯದ ಹಾಗೆ, ಸತ್ತವರಿಗೆ ನಿತ್ಯ ಶಾಂತಿ ಕೊಡು ಅಂತ ಲ್ಯಾಟಿನ್‌ನಲ್ಲಿ ಬೇಡುತ್ತಾರೆ. ದೂರದಲ್ಲೆಲ್ಲೋ ಹುಡುಗರ ಕೋರಸ್, ಜೊತೆಗೆ ಪುಟ್ಟ ಆರ್ಗನ್. ಅವರು ವೇದಿಕೆಯಲ್ಲಿ ಇರಬಾರದು, ದನಿ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬಾರದು. ಎಲ್ಲ ಗಂಭೀರ, ಎಲ್ಲ ಪವಿತ್ರ.

ಆಗ ಹಾರ್ಪ್ ಎಂಬ ತಂತಿ ವಾದ್ಯ ಒಮ್ಮೆಲೇ ಗಡಿಬಿಡಿಯಿಂದ ಮೀಟುತ್ತದೆ. ಒಬ್ಬ ಟೆನರ್ ಗಾಯಕ, ಅಂದರೆ ಎತ್ತರದ ಗಂಡು ದನಿಯವನು, ಎದ್ದು ಇಂಗ್ಲಿಷಿನಲ್ಲಿ, ದನಗಳ ಹಾಗೆ ಸಾಯುತ್ತಿರುವ ಇವರಿಗೆ ಎಂಥ ಗಂಟೆ ಬಾರಿಸುತ್ತೀರಿ ಅಂತ ಕೇಳುತ್ತಾನೆ. ಅದು ಓವೆನ್ ಕವಿತೆ. ಗಂಟೆ ಇನ್ನೂ ನಮ್ಮ ಕಿವಿಯಲ್ಲೇ ಇದೆ! ಇವರಿಗೆ ಗಂಟೆ ಬೇಡ, ಪ್ರಾರ್ಥನೆ ಬೇಡ, ಅವೆಲ್ಲ ಅಣಕ, ಇವರ ಪಾಲಿನ ಕೋರಸ್ ಅಂದರೆ ಊಳಿಡುತ್ತಾ ಬರುವ ಶೆಲ್‌ಗಳೇ ಅನ್ನುತ್ತದೆ ಕವಿತೆ. ಅಲ್ಲಿಯವರೆಗೆ ಕೇಳಿದ ಕೋರಸ್ ನಿಜವಾಗಿಯೂ ಪೆಚ್ಚಾಗುತ್ತದೆ. ಎರಡನೇ ಸಲ ಕೇಳುವಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತದ್ದು ಇಲ್ಲಿ.

ಯಾರು ಏನು ಹಾಡುತ್ತಾರೆ ಅನ್ನುವುದು ಇಲ್ಲಿ ಮುಖ್ಯ. ಲ್ಯಾಟಿನ್ ಪ್ರಾರ್ಥನೆ ದೊಡ್ಡ ಆರ್ಕೆಸ್ಟ್ರಾ, ಕೋರಸ್ ಮತ್ತು ಸೊಪ್ರಾನೊ, ಅಂದರೆ ಎತ್ತರದ ಹೆಣ್ಣು ದನಿಯ ಗಾಯಕಿಯ ಪಾಲಿಗೆ. ಓವೆನ್‌ನ ಒಂಬತ್ತು ಕವಿತೆಗಳು ಟೆನರ್ ಮತ್ತು ಅದಕ್ಕಿಂತ ತಗ್ಗಿನ ದನಿಯ ಬ್ಯಾರಿಟೋನ್, ಇಬ್ಬರು ಗಂಡಸರಿಗೆ. ಅವರ ಜೊತೆ ಹನ್ನೆರಡೇ ವಾದಕರ ಚಿಕ್ಕ ತಂಡ. ದೂರದ ಹುಡುಗರದ್ದು ಮೂರನೇ ಲೋಕ. ಮೊದಲ ಪ್ರದರ್ಶನದಲ್ಲಿ ದೊಡ್ಡ ಆರ್ಕೆಸ್ಟ್ರಾವನ್ನು ಮೆರೆಡಿತ್ ಡೇವಿಸ್ ನಡೆಸಿದರೆ, ಚಿಕ್ಕ ತಂಡವನ್ನು ಬ್ರಿಟೆನ್ ತಾನೇ ನಡೆಸಿದ. ಸೈನಿಕರ ಜೊತೆ ನಿಂತ ಅನ್ನಿ. ಈ ಮೂರು ಗುಂಪು ಒಟ್ಟಿಗೆ ಸೇರುವುದು ಕೊನೆಯ ಕೆಲವೇ ನಿಮಿಷ. ಅಲ್ಲಿಯವರೆಗೆ ಒಬ್ಬರು ಹಾಡಿದ್ದಕ್ಕೆ ಇನ್ನೊಬ್ಬರು ತಕರಾರು ತೆಗೆಯುತ್ತಲೇ ಇರುತ್ತಾರೆ.

ಎರಡನೇ ಭಾಗ ಡಿಯೆಸ್ ಈರೆ, ಅಂದರೆ ದೇವರ ಕೋಪದ ದಿನ. ಸತ್ತವರನ್ನೆಲ್ಲ ಕಹಳೆ ಊದಿ ಎಬ್ಬಿಸುವ ದಿನ. ಬ್ರಿಟೆನ್‌ನ ಹಿತ್ತಾಳೆ ವಾದ್ಯಗಳು ದೂರದಿಂದ ಊದುತ್ತಾ ಹತ್ತಿರ ಬರುತ್ತವೆ. ಕೋರಸ್ ಕವಾಯತು ನಡಿಗೆಯ ಹಾಗೆ ತುಂಡು ತುಂಡು ಮಾತಲ್ಲಿ ಹಾಡುತ್ತದೆ. ತಾಳ ಹಾಕಿ ನೋಡಿ. ಏಳು ಎಣಿಕೆ! ನಮಗೆ ಏಳು ಅಂದರೆ ಮಿಶ್ರಛಾಪು, ಸರಾಗ. ಆದರೆ ಸೈನಿಕನಿಗೆ ಇರುವುದು ಎರಡೇ ಕಾಲು. ಏಳಕ್ಕೆ ಕವಾಯತು ಹೊಡೆದರೆ ಪ್ರತಿ ಆವರ್ತಕ್ಕೂ ಕಾಲು ಬದಲಾಗುತ್ತದೆ. ಎಡಗಾಲು ಬೀಳಬೇಕಾದಲ್ಲಿ ಬಲಗಾಲು. ಮನೆಯಲ್ಲಿ ಯಾರೂ ನೋಡದಾಗ ನಡೆದು ನೋಡಿ, ನಾನು ನೋಡಿದ್ದೇನೆ. ಮುಗ್ಗರಿಸುವ ಹಾಗಾಗುತ್ತದೆ.

ಆ ಅಬ್ಬರ ಮುಗಿದ ಕೂಡಲೇ ಬ್ಯಾರಿಟೋನ್ ಏಳುತ್ತಾನೆ. ಅವನ ಕವಿತೆಯಲ್ಲೂ ಕಹಳೆ ಇದೆ. ಆದರೆ ಅದು ಶಿಬಿರದ ಸಂಜೆಯ ಬ್ಯೂಗಲ್. ನದಿ ದಡದಲ್ಲಿ ಹುಡುಗರು ಮಲಗಿದ್ದಾರೆ, ನಾಳಿನ ದಿನದ ಭಾರ ಮೇಲೆ ಕೂತಿದೆ. ಈಗಷ್ಟೇ ಕೆಥೆಡ್ರಲ್ ನಡುಗಿಸಿದ ಅದೇ ಕಹಳೆಯ ಸ್ವರಗಳನ್ನು ಚಿಕ್ಕ ತಂಡ ಮೆತ್ತಗೆ ಊದುತ್ತದೆ. ಪ್ರಳಯದ ಕಹಳೆ ಕೇಳಲು ಇವರು ಸಾಯುವವರೆಗೆ ಕಾಯಬೇಕಾಗಿಲ್ಲ. ದಿನಾ ಸಂಜೆ ಕೇಳುತ್ತಿದ್ದಾರೆ.

ಬ್ಯೂಗಲ್ ಅಂದಾಗ ಇನ್ನೊಬ್ಬ ನೆನಪಾಗುತ್ತಾನೆ, ಸ್ವಲ್ಪ ದಾರಿ ತಪ್ಪುತ್ತೇನೆ. ರಾಲ್ಫ್ ವಾನ್ ವಿಲಿಯಮ್ಸ್, ಇವನೂ ಇಂಗ್ಲೆಂಡಿನ ಸಂಗೀತ ರಚನಕಾರ, ಬ್ರಿಟೆನ್‌ಗಿಂತ ನಲವತ್ತೊಂದು ವರ್ಷ ದೊಡ್ಡವನು. ಮೊದಲ ಮಹಾಯುದ್ಧ ಶುರುವಾದಾಗ ನಲವತ್ತು ದಾಟಿತ್ತು, ಹೋಗಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಹೋಗಿ, 1916ರಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ದಳದಲ್ಲಿದ್ದ. ಅಲ್ಲೊಬ್ಬ ಬ್ಯೂಗಲ್ ಊದುವವನು ಅಭ್ಯಾಸ ಮಾಡುವಾಗ ಮೇಲಿನ ಷಡ್ಜ ಮುಟ್ಟಲು ಹೋಗಿ, ಆಗದೆ, ಅದರ ಕೆಳಗಿನ ನಿಷಾದಕ್ಕೇ ನಿಂತುಬಿಡುತ್ತಿದ್ದನಂತೆ. ಆ ತಪ್ಪು ಸ್ವರ ಇವನ ತಲೆಯಲ್ಲಿ ಉಳಿಯಿತು. 1922ರಲ್ಲಿ ಬಂದ ಅವನ ಪಾಸ್ಟೊರಲ್ ಸಿಂಫನಿಯ ಎರಡನೇ ಭಾಗದಲ್ಲಿ ಒಂಟಿ ಟ್ರಂಪೆಟ್ ಹಾಗೇ ಊದುತ್ತದೆ. ಪಾಸ್ಟೊರಲ್ ಅಂದರೆ ಹಳ್ಳಿಗಾಡಿನದ್ದು; ಹೆಸರು ಕೇಳಿ ಅದನ್ನು ಹಸು ಕರು ಹುಲ್ಲುಗಾವಲಿನ ಸಂಗೀತ ಅಂದುಕೊಂಡವರೇ ಜಾಸ್ತಿ. ಅವನು ಕಂಡದ್ದು ಫ್ರಾನ್ಸಿನ ಬಯಲು, ಸಂಜೆ ಹೊತ್ತಿನಲ್ಲಿ ಗಾಡಿ ಹತ್ತಿಸಿದ ಗಾಯಾಳುಗಳು. ಅದನ್ನು ಕೇಳಿ. ತುಂಬಾ ತಗ್ಗಿದ ದನಿಯ ಕೃತಿ, ಸುಮ್ನೆ ಹಿನ್ನೆಲೆಗೆ ಹಾಕಿದರೆ ಕೈಗೆ ಸಿಗುವುದಿಲ್ಲ.

ಸರಿ, ವಾಪಸ್. ಮೂರನೇ ಭಾಗ, ಆಫರ್ಟೋರಿಯಮ್, ಅಂದರೆ ದೇವರಿಗೆ ಅರ್ಪಣೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಇಡೀ ಕೃತಿಯಲ್ಲಿ ಅತಿ ಕಟುವಾದ ಜಾಗ ಇದೇ ಅಂತ ನನ್ನ ಅಭಿಪ್ರಾಯ.

ಲ್ಯಾಟಿನ್ ಪಠ್ಯ ದೇವರಿಗೆ ಅವನ ಮಾತನ್ನು ನೆನಪಿಸುತ್ತದೆ: ಅಬ್ರಹಾಮನಿಗೂ ಅವನ ಸಂತತಿಗೂ ಮಾತು ಕೊಟ್ಟಿದ್ದೆಯಲ್ಲ, ನಡೆಸಿಕೊಡು. ಬ್ರಿಟೆನ್ ಇದಕ್ಕೆ ಒಂದು ಫ್ಯೂಗ್ ಹಾಕಿದ್ದಾನೆ. ಒಂದು ಗುಂಪು ರಾಗ ಎತ್ತುತ್ತದೆ, ಅದನ್ನೇ ಇನ್ನೊಂದು ಗುಂಪು ಹಿಂದಿನಿಂದ ಹಿಡಿಯುತ್ತದೆ, ಮತ್ತೊಂದು, ಮತ್ತೊಂದು. ಖುಷಿ ಖುಷಿಯಾಗಿದೆ. ಅದು ಅಲ್ಲಿಂದ ಜಾರಿ ಓವೆನ್ ಕವಿತೆಯೊಳಗೆ ಇಳಿಯುತ್ತದೆ. ಅಬ್ರಹಾಮನ ಕಥೆ ನಿಮಗೆ ಗೊತ್ತಿರಬಹುದು. ದೇವರು ಮಗನನ್ನೇ ಬಲಿ ಕೇಳುತ್ತಾನೆ. ಅಪ್ಪ ಕತ್ತಿ ಎತ್ತಿದಾಗ ದೇವದೂತ ಬಂದು ತಡೆಯುತ್ತಾನೆ, ಮಗನ ಬದಲು ಟಗರು ಬಲಿಯಾಗುತ್ತದೆ. ಓವೆನ್‌ನ ಅಬ್ರಹಾಮ ಮಗನನ್ನು ಸೈನಿಕರ ಬೆಲ್ಟು ಪಟ್ಟಿಗಳಿಂದ ಕಟ್ಟುತ್ತಾನೆ. ಸುತ್ತ ಕಂದಕ ತೋಡುತ್ತಾನೆ. ದೇವದೂತ ಬರುತ್ತಾನೆ, ಹುಡುಗನನ್ನು ಬಿಡು, ಅಹಂಕಾರ ಎಂಬ ಟಗರನ್ನು ಕಡಿ ಅನ್ನುತ್ತಾನೆ. ಟೆನರ್ ಮತ್ತು ಬ್ಯಾರಿಟೋನ್ ಇಬ್ಬರೂ ಸೇರಿ ಹಾಡುವ ಆ ದೇವದೂತನ ದನಿ ಎಷ್ಟು ಚೆನ್ನಾಗಿದೆ ಅಂದರೆ ಮುದುಕ ಕೇಳಿಯೇ ಕೇಳುತ್ತಾನೆ ಅಂತ ನಂಬಿಬಿಡುತ್ತೇವೆ.

ಅವನು ಕೇಳುವುದಿಲ್ಲ. ಮಗನನ್ನು ಕಡಿಯುತ್ತಾನೆ. ಆಮೇಲೆ ಯುರೋಪಿನ ಅರ್ಧ ಸಂತತಿಯನ್ನು, ಒಬ್ಬೊಬ್ಬರನ್ನಾಗಿ.

ಇಲ್ಲಿ ಬ್ರಿಟೆನ್ ಏನು ಮಾಡುತ್ತಾನೆ ಕೇಳಿ. ಕೊಲೆ ನಡೆಯುತ್ತಿರುವಾಗಲೇ ದೂರದ ಹುಡುಗರು ಇಂಪಾಗಿ, ನಿರಾಳವಾಗಿ, ದೇವರೇ ನಮ್ಮ ಬಲಿಯನ್ನು ಸ್ವೀಕರಿಸು ಅಂತ ಲ್ಯಾಟಿನ್‌ನಲ್ಲಿ ಹಾಡುತ್ತಾರೆ. ಅದು ಪೂಜೆಯ ಮೂಲ ಪಠ್ಯವೇ, ಇವನು ಸೇರಿಸಿದ್ದಲ್ಲ. ಅದರ ಕೆಳಗೆ ಇಬ್ಬರು ಸೈನಿಕರು ಒಬ್ಬೊಬ್ಬರನ್ನಾಗಿ, ಒಬ್ಬೊಬ್ಬರನ್ನಾಗಿ ಅಂತ ಮತ್ತೆ ಮತ್ತೆ ಹೇಳುತ್ತಿರುತ್ತಾರೆ. ಆಮೇಲೆ ಆ ಖುಷಿಯ ಫ್ಯೂಗ್ ತಿರುಗಿ ಬರುತ್ತದೆ, ಅಬ್ರಹಾಮನಿಗೆ ಕೊಟ್ಟ ಮಾತು ಅಂತ. ಆದರೆ ಈಗ ಪಿಸುದನಿಯಲ್ಲಿ, ರಾಗ ತಲೆಕೆಳಗಾಗಿ. ಮೊದಲು ಮೇಲೆ ಹತ್ತಿದಲ್ಲೆಲ್ಲ ಈಗ ಇಳಿಯುತ್ತದೆ. ಈ ಅಬ್ರಹಾಮನ ರಾಗವನ್ನು ಬ್ರಿಟೆನ್ 1952ರಲ್ಲಿ ತಾನೇ ಬರೆದಿದ್ದ ಇನ್ನೊಂದು ಹಾಡಿನಿಂದ ಎತ್ತಿಕೊಂಡಿದ್ದಾನೆ. ಆ ಹಾಡಿನಲ್ಲಿ ಮಗ ಉಳಿದಿದ್ದ.

ನಾಲ್ಕನೇ ಭಾಗದ ಸ್ಯಾಂಕ್ಟಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಜಿನ ಹಾಗೆ ಮಿನುಗುವ ತಾಳವಾದ್ಯಗಳು, ಸೊಪ್ರಾನೊ, ವೈಭವ. ಐದನೆಯದು ಚಿಕ್ಕದು, ಆದರೆ ಒಂದು ಸಂಗತಿ ಬಿಡಬಾರದು. ಅಲ್ಲಿ ಮಾತ್ರ ಲ್ಯಾಟಿನ್ನೂ ಓವೆನ್ನೂ ಜಗಳ ಆಡುವುದಿಲ್ಲ. ಕೊನೆಗೆ ಟೆನರ್ ಒಬ್ಬನೇ, ಮೆಲ್ಲಗೆ ಮೇಲೇರುತ್ತಾ, ಮೊದಲ ಮತ್ತು ಕೊನೆಯ ಸಲ ಲ್ಯಾಟಿನ್‌ನಲ್ಲಿ ಹಾಡುತ್ತಾನೆ: ನಮಗೆ ಶಾಂತಿ ಕೊಡು. ರಿಕ್ವಿಯಮ್ ಪಠ್ಯದ ಆ ಜಾಗದಲ್ಲಿ ಇರಬೇಕಾದದ್ದು ಅವರಿಗೆ ಶಾಂತಿ ಕೊಡು ಅಂತ, ಸತ್ತವರಿಗೆ. ಬದುಕಿರುವವರು ನಮಗೆ ಅಂತ ಕೇಳುವ ಸಾಲು ಮಾಮೂಲಿ ಪೂಜೆಯದ್ದು. ಅದನ್ನು ಬ್ರಿಟೆನ್ ಬೇಕೆಂದೇ ಇಲ್ಲಿಗೆ ತಂದ.

ಕೊನೆಯ ಭಾಗಕ್ಕೆ ಹೋಗುವ ಮೊದಲು ಹಾಡಿದವರ ಬಗ್ಗೆ ಹೇಳಬೇಕು. ಮೂರು ದೇಶದ ಮೂರು ದನಿ ಬೇಕು ಅಂತ ಬ್ರಿಟೆನ್ ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದ. ಟೆನರ್ ಇಂಗ್ಲೆಂಡಿನ ಪೀಟರ್ ಪಿಯರ್ಸ್, ಅವನ ಬಾಳಸಂಗಾತಿ. ಬ್ಯಾರಿಟೋನ್ ಜರ್ಮನಿಯ ಡೀಟ್ರಿಶ್ ಫಿಶರ್-ಡೀಸ್ಕೌ. ಸೊಪ್ರಾನೊ ರಷ್ಯಾದ ಗಲೀನಾ ವಿಶ್ನೆವ್‌ಸ್ಕಾಯಾ. ಆಕೆ ಎರಡನೇ ಮಹಾಯುದ್ಧದಲ್ಲಿ ಜರ್ಮನರು ಹಾಕಿದ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಹಸಿವಿನಿಂದ ಸಾಯದೆ ಉಳಿದ ಹುಡುಗಿ. ಸೋವಿಯತ್ ಸರ್ಕಾರ ಆಕೆಯನ್ನು ಕವೆಂಟ್ರಿಗೆ ಕಳಿಸಲಿಲ್ಲ. ಜರ್ಮನ್ ಗಾಯಕನ ಪಕ್ಕ ಸೋವಿಯತ್ ಹೆಣ್ಣುಮಗಳು ನಿಲ್ಲುವುದು ಅವರಿಗೆ ಹಿಡಿಸಲಿಲ್ಲ. ಸುಮಾರು ಹತ್ತು ದಿನ ಇರುವಾಗ ಹೆದರ್ ಹಾರ್ಪರ್ ಎಂಬ ಗಾಯಕಿ ಒಪ್ಪಿಕೊಂಡು, ಕಲಿತು, ಹಾಡಿದಳು. ಇದನ್ನು ಹಾಡುವ ಯಾರನ್ನಾದರೂ ಕೇಳಿ, ಹತ್ತು ದಿನ ಅಂದರೆ ಹುಬ್ಬೇರಿಸುತ್ತಾರೆ. ವಿಶ್ನೆವ್‌ಸ್ಕಾಯಾ ಹಾಡಿದ್ದು 1963ರ ಜನವರಿಯ ಧ್ವನಿಮುದ್ರಣದಲ್ಲಿ. ಡೆಕ್ಕಾ ಕಂಪನಿ ಹೊರತಂದ ಆ ಗ್ರಾಮಫೋನ್ ತಟ್ಟೆ ಐದು ತಿಂಗಳಲ್ಲಿ 2 ಲಕ್ಷ ಖರ್ಚಾಯಿತು. ನೀವು ಕೇಳುವುದಾದರೆ ಅದನ್ನೇ ಕೇಳಿ.

ಫಿಶರ್-ಡೀಸ್ಕೌ ಕಥೆ ಬೇರೆ. ಹದಿಹರೆಯದಲ್ಲೇ ಅವನನ್ನು ಜರ್ಮನ್ ಸೈನ್ಯಕ್ಕೆ ಎಳೆದುಕೊಂಡರು. ರಷ್ಯಾದ ರಣರಂಗದಲ್ಲಿ ಕುದುರೆಗಳನ್ನು ನೋಡಿಕೊಂಡಿದ್ದ. 1945ರಲ್ಲಿ ಇಟಲಿಯಲ್ಲಿ ಸೆರೆ ಸಿಕ್ಕು ಎರಡು ವರ್ಷ ಅಮೆರಿಕನ್ನರ ಕೈದಿಯಾಗಿದ್ದ. ಅಂಗವಿಕಲನಾಗಿದ್ದ ಅವನ ಅಣ್ಣನನ್ನು ನಾಜಿಗಳು ಒಂದು ಸಂಸ್ಥೆಗೆ ಹಾಕಿ ಉಪವಾಸ ಕೆಡವಿ ಕೊಂದಿದ್ದರು. ಇಂಥವನಿಗೆ ಬ್ರಿಟೆನ್ ಕೊಟ್ಟ ಪಾತ್ರ ಸತ್ತ ಜರ್ಮನ್ ಸೈನಿಕನದ್ದು.

ಕೊನೆಯ ಭಾಗ ಲಿಬೆರಾ ಮೆ, ನನ್ನನ್ನು ಬಿಡಿಸು. ನಗಾರಿಯ ಸದ್ದಿನಿಂದ ಶುರುವಾಗಿ ವೇಗ ಏರುತ್ತಾ ಏರುತ್ತಾ ಇಡೀ ಆರ್ಕೆಸ್ಟ್ರಾ ಸ್ಫೋಟಿಸುತ್ತದೆ. ಆಮೇಲೆ ಹೊಗೆ ಇಳಿಯುವ ಹಾಗೆ ಎಲ್ಲ ಅಡಗುತ್ತದೆ. ಉಳಿಯುವುದು ತಂತಿ ವಾದ್ಯದ ಒಂದೆಳೆ. ಟೆನರ್ ಹಾಡುತ್ತಾನೆ, ಹಾಡು ಅನ್ನುವುದಕ್ಕಿಂತ ಹೇಳುತ್ತಾನೆ: ಯುದ್ಧದಿಂದ ತಪ್ಪಿಸಿಕೊಂಡು ಯಾವುದೋ ಸುರಂಗಕ್ಕೆ ಇಳಿದೆ, ಅಲ್ಲಿ ಮಲಗಿದ್ದವರಲ್ಲಿ ಒಬ್ಬ ಎದ್ದು ನನ್ನನ್ನೇ ನೋಡಿದ. ಗೆಳೆಯಾ, ಇಲ್ಲಿ ಅಳುವುದಕ್ಕೇನಿಲ್ಲ ಅನ್ನುತ್ತಾನೆ ಇವನು. ಬ್ಯಾರಿಟೋನ್ ಉತ್ತರ ಕೊಡುತ್ತಾನೆ. ಬದುಕದೇ ಹೋದ ವರ್ಷಗಳನ್ನು ಬಿಟ್ಟರೆ ಇನ್ನೇನೂ ಇಲ್ಲ ಅನ್ನುತ್ತಾನೆ. ನಿಧಾನಕ್ಕೆ ಮಾತು ಬಿಚ್ಚಿಕೊಳ್ಳುತ್ತದೆ. ಕೊನೆಗೆ ವಾದ್ಯಗಳು ಹೆಚ್ಚುಕಡಿಮೆ ಸುಮ್ಮನಾದಾಗ, ನೀನು ನಿನ್ನೆ ತಿವಿದು ಕೊಂದ ಶತ್ರು ನಾನೇ ಅಂತ ತಿಳಿಸುತ್ತಾನೆ. ಕೋಪ ಇಲ್ಲ. ತಡೆಯಲು ನೋಡಿದೆ, ಕೈ ಮರಗಟ್ಟಿತ್ತು ಅನ್ನುತ್ತಾನೆ. ಇನ್ನು ಮಲಗೋಣ ಅನ್ನುತ್ತಾನೆ.

ಅದೇ ಮಾತನ್ನು ಇಬ್ಬರೂ ಜೋಗುಳದ ಹಾಗೆ ಹಾಡತೊಡಗುತ್ತಾರೆ. ದೂರದ ಹುಡುಗರು ಸೇರುತ್ತಾರೆ, ಕೋರಸ್ ಸೇರುತ್ತದೆ, ಸೊಪ್ರಾನೊ ಸೇರುತ್ತಾಳೆ. ಮೊದಲ ಸಲ ಎಲ್ಲರೂ ಒಟ್ಟಿಗೆ. ಇಲ್ಲಿ ಮುಗಿಸಿಬಿಟ್ಟಿದ್ದರೆ ಒಳ್ಳೆಯ ಸಿನಿಮಾ ಆಗುತ್ತಿತ್ತು. ಸಂಗೀತ ರಚನಕಾರ ಸ್ಟ್ರಾವಿನ್‌ಸ್ಕಿಯಂಥವರು ಕರವಸ್ತ್ರ ರೆಡಿ ಇಟ್ಟುಕೊಳ್ಳಿ ಅಂತ ಈ ಕೃತಿಯನ್ನು ಗೇಲಿ ಮಾಡಿದ್ದುಂಟು. ಆದರೆ ಬ್ರಿಟೆನ್ ಅಲ್ಲಿ ಗಂಟೆ ಬಾರಿಸುತ್ತಾನೆ. ಸ, ಮ. ಜೋಗುಳ ನಿಲ್ಲುತ್ತದೆ. ಮತ್ತೆ ಹಾಡುತ್ತಾರೆ. ಮತ್ತೆ ಗಂಟೆ.

ಕೊನೆಗೆ ವಾದ್ಯ ಯಾವುದೂ ಇಲ್ಲದೆ ಕೋರಸ್ ಮಾತ್ರ ಉಳಿಯುತ್ತದೆ. ನುಡಿಸಿ ತೋರಿಸುತ್ತೇನೆ. ಸ, ಮ. ನೀವು ಆಗಿನಿಂದ ಪಂಚಮಕ್ಕೆ ಕಾಯುತ್ತಿದ್ದೀರಿ, ಅಲ್ವಾ? ಅದು ಬರುವುದಿಲ್ಲ. ಪ್ರತಿ ಮಧ್ಯಮ ಅರ್ಧ ಮೆಟ್ಟಿಲು ಕೆಳಗಿಳಿದು ಶುದ್ಧ ಮಧ್ಯಮ ಆಗುತ್ತದೆ, ಅದರ ಮೇಲೆ ದನಿಗಳೆಲ್ಲ ಕೂಡುತ್ತವೆ. ಆಮೆನ್. ಕೇಳಲು ಹಿತವಾಗಿದೆ. ಆದರೆ ಇದೇ ಇಳಿತ ಮೊದಲ ಭಾಗದ ಕೊನೆಗೂ ಬಂದಿತ್ತು, ಎರಡನೆಯದರ ಕೊನೆಗೂ ಬಂದಿತ್ತು. ಎರಡು ಸಲವೂ ಅದರ ಬೆನ್ನಿಗೇ ಇನ್ನೊಂದು ಭಾಗ ಶುರುವಾಗಿತ್ತು.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಬಾರದು ಅಂತ ಬ್ರಿಟೆನ್ ಮೊದಲೇ ಕೇಳಿಕೊಂಡಿದ್ದ. ಯಾರೂ ತಟ್ಟಲಿಲ್ಲ. ಹಾಡಿದವರು ಎದ್ದು ಹೊರಡಬೇಕಿತ್ತು. ಫಿಶರ್-ಡೀಸ್ಕೌ ಅಳುತ್ತಾ ಕೂತೇ ಇದ್ದ. ಅವನನ್ನು ಅಲ್ಲಿಂದ ಎಬ್ಬಿಸಲು ಪಿಯರ್ಸ್ ಬಹಳ ಕಷ್ಟಪಡಬೇಕಾಯಿತು.